ಮೇಲಿನ ಮನೆಯ ದ

ನಮ್ಮ ಚಾವಡಿಯಲ್ಲಿ ಯಾವಾಗಲೂ ಎರಡೋ ಮೂರೋ ಹಾರ್ಮೋನಿಯಂಗಳು ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದವು. ಊಟಕ್ಕೆ ಮಣೆ ಹಾಕಬೇಕಾದರೆ ಮೊದಲು ಯಾವುದಾದರೂ ಊರಿನ ಭಜನಾ ಮಂಡಳಿಯನ್ನು ಗೋಡೆಯ ಬದಿಗೆ ಸರಿಸಬೇಕು. ರಿಪೇರಿಗೆ ಬಂದ ಪೆಟ್ಟಿಗೆಗಳನ್ನು ನಾವು ಅವು ಬಂದ ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. "ಪೆರಾಬೆಯ ಮೇಲೆ ಚೊಂಬು ಇಡಬೇಡ" ಎಂದು ಅಮ್ಮ ಗದರಿದರೆ ನಮಗೆ ಅರ್ಥವಾಗುತ್ತಿತ್ತು, ನೆಂಟರು ಕಣ್ಣುಕಣ್ಣು ಬಿಡುತ್ತಿದ್ದರು. ನಮ್ಮೂರು ಕಡಬ ಆಗಿನ್ನೂ ತಾಲೂಕು ಆಗಿರಲಿಲ್ಲ. ಪೇಟೆಯ ಕೊನೆಯಲ್ಲಿ, ಸರ್ವಿಸ್ ಜೀಪುಗಳು ತಿರುಗುವ ಜಾಗದ ಎದುರಿಗೇ ನಮ್ಮ ಬಾಡಿಗೆ ಮನೆ. ಹಳ್ಳಿಯವರು ಹಾರ್ಮೋನಿಯಂಗಳನ್ನು ರಬ್ಬರ್ ಶೀಟಿನ ಕಟ್ಟುಗಳ ಜೊತೆ ಜೀಪಿನ ಮೇಲೆ ಹೇರಿ ತರುತ್ತಿದ್ದರು. ಹಾಗಾಗಿ ಹೊಸದಾಗಿ ಬಂದ ಪೆಟ್ಟಿಗೆಯ ತಿದಿ ಒತ್ತಿದರೆ ಮೊದಲು ಹೊರಗೆ ಬರುವುದು ಹೊಗೆ ಹಾಕಿದ ರಬ್ಬರಿನ ವಾಸನೆ, ಆಮೇಲೆ ಸ್ವರ. ಮನೆಯಲ್ಲಿ ನಾವು ನಾಲ್ವರು: ಅಪ್ಪ, ಅಮ್ಮ, ಅಪ್ಪನ ಅಕ್ಕನಾದ ನನ್ನ ಅತ್ತೆ, ನಾನು. ಆಡುತ್ತಿದ್ದದ್ದು ತುಳು, ನೆನಪಿದ್ದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಅತ್ತೆಯ ಗಂಡ ನಾಟಕದ ತಂಡವೊಂದರಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವನು. ಅವನು ತೀರಿಕೊಂಡ ಮೇಲೆ ಅಕ್ಕ ಒಂದು ಟ್ರಂಕು ಮತ್ತು ಒಂದು ಜೊತೆ ಕಿವಿ ತೆಗೆದುಕೊಂಡು ನಮ್ಮಲ್ಲಿಗೆ ಬಂದಳು ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ತಮಾಷೆಯಾದರೂ ಮಾತು ನಿಜ. ಅಪ್ಪನಿಗೆ ಮರದ ಕೆಲಸ, ತಿದಿಯ ಚರ್ಮ, ಸ್ವರ ಹುಟ್ಟಿಸುವ ಹಿತ್ತಾಳೆಯ ರೀಡು ಎಲ್ಲವೂ ಕೈಗೆ ಬರುತ್ತಿತ್ತು. ಸ್ವರ ಕೂಡಿಸುವುದು ಮಾತ್ರ ಅತ್ತೆಯಿಂದ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಚಾವಡಿಗೆ ಬೆನ್ನು ಹಾಕಿ, ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕೂರುವಳು. ಕಣ್ಣು ಸುಳ್ಳು ಹೇಳುತ್ತದೆ, ಕೈ ಎಷ್ಟು ಕೆರೆಯಿತೆಂದು ನೋಡಿದರೆ ಕಿವಿಯೂ ಅಷ್ಟೇ ಕೇಳುತ್ತದೆ ಎಂದು ಅವಳ ವಾದ. ಅಪ್ಪ ಕಿಟಕಿಯ ಬಳಿ ಕೂತು ಎರಡು ಸ್ವರಗಳನ್ನು ಒಟ್ಟಿಗೆ ಹಿಡಿಯುವನು. ಅವು ಸರಿಯಾಗಿ ಕೂಡದಿದ್ದರೆ ನಾದದೊಳಗೆ ಒಂದು ಅಲೆ ಏಳುತ್ತದೆ, ಗುಂಯ್ ಗುಂಯ್ ಗುಂಯ್ ಎಂದು. ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ. ಕೂಡಿದಾಗ ಕೆರೆಯ ನೀರು ನಿಂತ ಹಾಗೆ ನಿಂತುಬಿಡುತ್ತದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಇಡೀ ದಿನ ನಮ್ಮ ಮನೆಯಲ್ಲಿ ಕೇಳುತ್ತಿದ್ದ ಸಂಭಾಷಣೆ ಇಷ್ಟೇ:

"ಏರ್ಲಿ."

"ಈಗ?"

"ಇನ್ನೂ ಅಲೆ ಉಂಟು."

"ಈಗ?"

"ಹ್ಞಾಂ. ನಿಂತಿತು. ಮುಟ್ಟಬೇಡ ಇನ್ನು."

ಅಮ್ಮನಿಗೆ ಈ ಏರ್ಪಾಡಿನ ಮೇಲೆ ಸಿಟ್ಟು. ಒಲೆ, ನೀರು, ದನದ ಕೆಲಸ ಎಲ್ಲ ಅವಳೊಬ್ಬಳ ಮೇಲೆ. ಅತ್ತೆ ಆರಿಸಿದ ಅಕ್ಕಿಯಲ್ಲಿ ಕಲ್ಲು ಉಳಿದೇ ಇರುತ್ತಿತ್ತು. ಬೆಳಗಿನ ಗಂಜಿಗೆ ಕೂತಾಗ ಯಾರ ಹಲ್ಲಿಗಾದರೂ ಕಲ್ಲು ಸಿಕ್ಕಿ ಕಟಕ್ ಎಂದರೆ ಜಗಳ ಶುರು.

"ಅಕ್ಕಿ ಆರಿಸ್ಲಿಕ್ಕೆ ಕಣ್ಣು ಬೇಕು ಅತ್ತಿಗೆ. ಇಲ್ಲಿ ಕಿವಿ ಮಾತ್ರ ಕೆಲಸ ಮಾಡುದು."

"ಕಣ್ಣು ನಿನ್ನದುಂಟಲ್ಲ ಮಾರಾಯ್ತಿ. ಒಂದು ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಇರ್ಬೇಕಾ?"

ಅಪ್ಪ ಒಣಮೀನಿನ ಚಟ್ನಿಯ ಕಡೆಗೆ ನೋಡುತ್ತಾ ಗಂಜಿ ಸುರಿಯುವನು. ಅವನಿಗೆ ಗೊತ್ತಿತ್ತು, ಊರಿನವರು "ಅಕ್ಕನ ಕಿವಿ, ತಮ್ಮನ ಕೈ" ಎನ್ನುತ್ತಾರೆ, ಕಿವಿಯನ್ನೇ ಮೊದಲು ಹೇಳುತ್ತಾರೆ ಎಂದು. ಗಂಡನಿಲ್ಲದೆ ತಮ್ಮನ ಮನೆಯಲ್ಲಿ ಕೂತವಳಿಗೆ ಆ ಕಿವಿಯೇ ಆಸ್ತಿ. ಅದಿಲ್ಲದಿದ್ದರೆ ಅವಳು ಅಕ್ಕಿಯಲ್ಲಿ ಕಲ್ಲು ಬಿಡುವ ಒಬ್ಬ ಹೆಂಗಸು, ಅಷ್ಟೇ.

ಫ್ಯಾಕ್ಟರಿಯಿಂದ ಬಂದ ಪೆಟ್ಟಿಗೆಯಲ್ಲಿ ಹನ್ನೆರಡು ಮೆಟ್ಟಿಲುಗಳೂ ಒಂದೇ ಎತ್ತರ ಇರುತ್ತವೆ. "ಹನ್ನೆರಡು ಜನಕ್ಕೆ ಸಮಪಾಲು ಮಾಡಿದ್ದಾರೆ, ಜಗಳವೂ ಇಲ್ಲ, ಸಂತೋಷವೂ ಇಲ್ಲ" ಎಂದು ಅತ್ತೆ ಹೇಳುತ್ತಿದ್ದಳು. ಅಂಥ ಪೆಟ್ಟಿಗೆಯಲ್ಲಿ ಗ ಯಾವಾಗಲೂ ಕೊಂಚ ಏರಿಯೇ ಇರುತ್ತದೆ, ಅವಳಿಗೆ ಅದು ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗೆ. ಒಂದೇ ಶ್ರುತಿಯಲ್ಲಿ ಹಾಡುವ ಮಂಡಳಿಯವರು ಆ ಪಾಲುಪಟ್ಟಿಯನ್ನು ಮುರಿಸಿ, ಸ್ವರಗಳನ್ನು ಅವುಗಳ ಜಾಗಕ್ಕೆ ಕೂರಿಸಲೆಂದೇ ನಮ್ಮಲ್ಲಿಗೆ ತರುತ್ತಿದ್ದರು. ಕೂರಿಸುವ ಕ್ರಮ ಅತ್ತೆ ಗಂಡನಿಂದ ಕಲಿತದ್ದು. ಸ ರಿ ಗ ಮ ಕೆಳಗಿನ ಮನೆ. ಪ ದ ನಿ ಸ ಮೇಲಿನ ಮನೆ. ಒಂದೊಂದರಲ್ಲೂ ನಾಲ್ಕು ಜನ. ಸ ಮತ್ತು ಮ ಗೋಡೆಗಳು, ಅಲ್ಲಾಡುವುದಿಲ್ಲ. ರಿ ಮತ್ತು ಗ ಒಳಗಿರುವವರು, ರಾಗ ನೋಡಿಕೊಂಡು ಆಚೆ ಈಚೆ ಸರಿದು ಕೂರುತ್ತಾರೆ. ಮೊದಲು ಕೆಳಗಿನ ಮನೆ ಕಟ್ಟಬೇಕು. ಆಮೇಲೆ ಅದನ್ನೇ ಎತ್ತಿ ಮೇಲೆ ಇಡಬೇಕು: ಸ ದಿಂದ ಪ ಎಷ್ಟು ದೂರವೋ ಅಷ್ಟೇ ದೂರ ರಿ ಯಿಂದ ದ, ಗ ದಿಂದ ನಿ, ಮ ದಿಂದ ಮೇಲಿನ ಸ. ಸಂಗೀತ ಪಾಠದವರು ಪೂರ್ವಾಂಗ, ಉತ್ತರಾಂಗ ಎನ್ನುವುದು ಇವಕ್ಕೇ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನನಗೆ ಅವು ಮನೆಗಳೇ.

ಏಳನೆಯೋ ಎಂಟನೆಯೋ ತರಗತಿಯಲ್ಲಿದ್ದಾಗ ನಾನು ಕೇಳಿದೆ, ಹೀಗೆ ಎಷ್ಟು ಬಗೆಯ ಮನೆ ಕಟ್ಟಬಹುದು ಎಂದು. ಅತ್ತೆ ಎದ್ದು ಹೋಗಿ ಅಟ್ಟದಿಂದ ಚೆನ್ನೆಮಣೆ ಇಳಿಸಿದಳು. ಎರಡು ಸಾಲಿನಲ್ಲಿ ಏಳೇಳು ಗುಳಿಗಳಿರುವ ಆ ಮಣೆಯನ್ನು ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಬಿಟ್ಟರೆ ಹೊರಗೆ ತೆಗೆಯುವ ಕ್ರಮವಿಲ್ಲ. ಆಟಿ ಕಳೆದು ಸೋಣ ತಿಂಗಳು ಬಂದಿತ್ತು, ಅಮ್ಮ ಸೌಟು ಹಿಡಿದುಕೊಂಡೇ ಬಂದಳು.

"ಸೋಣದಲ್ಲಿ ಚೆನ್ನೆ ತೆಗೆಯುದಾ? ಮನೆಗೆ ಎಂತ ಬರ್ಬೇಕು ಅಂತ ಉಂಟು ನಿಮ್ಮ ಲೆಕ್ಕದಲ್ಲಿ?"

"ಆಡುದಲ್ಲ ಮಾರಾಯ್ತಿ, ಲೆಕ್ಕ ಮಾಡುದು. ಲೆಕ್ಕಕ್ಕೆ ತಿಂಗಳು ಇಲ್ಲ."

ಕೆಳಗಿನ ಸಾಲಿನ ಮೊದಲ ಗುಳಿ ಸ. ನಂತರದ ನಾಲ್ಕು ಗುಳಿ ರಿ ಮತ್ತು ಗ ಕೂರಬಹುದಾದ ಜಾಗಗಳು. ಆರನೆಯದು ಮ. ಏಳನೆಯದು ಇನ್ನೊಂದು ಮ, ಸ್ವಲ್ಪ ಏರಿದ್ದು. ಮೇಲಿನ ಸಾಲಿನಲ್ಲಿ ಹಾಗೆಯೇ ಪ, ನಾಲ್ಕು ಗುಳಿ, ಸ. ಒಂದು ಗುಳಿ ಖಾಲಿ. ಕೆಂಪು ಮಂಜೊಟ್ಟಿ ಕಾಳುಗಳನ್ನು ನನ್ನ ಕೈಗೆ ಸುರಿದು ಅವಳು ಸುಮ್ಮನೆ ಕೂತಳು. ನಾಲ್ಕು ಗುಳಿಗಳಲ್ಲಿ ಎರಡು ಕಾಳು ಇಡುವ ಬಗೆ ಆರೇ ಆರು ಎಂದು ಇಟ್ಟು ತೆಗೆದು ಕಂಡುಕೊಂಡೆ. ಕೆಳಗೆ ಆರು, ಮೇಲೆ ಆರು. ಕೆಳಗಿನ ಒಂದೊಂದಕ್ಕೂ ಮೇಲಿನ ಆರೂ ಹೊಂದುತ್ತವೆ, ಮೂವತ್ತಾರು. ಮ ಬದಲಾಯಿಸಿದರೆ ಮತ್ತೆ ಮೂವತ್ತಾರು.

"ಎಪ್ಪತ್ತೆರಡು ಅತ್ತೆ!"

ಅವಳು ಮಣೆಯನ್ನೂ ನನ್ನನ್ನೂ ಬಾರಿ ಬಾರಿ ನೋಡಿದಳು.

"ಎಪ್ಪತ್ತೆರಡು ಅಂತ ನಿನ್ನ ಮಾವ ಹೇಳ್ತಿದ್ರು. ಯಾಕೆ ಅಂತ ಕೇಳಿದ್ರೆ ಪುಸ್ತಕದಲ್ಲಿ ಉಂಟು ಅಂತಿದ್ರು. ಪುಸ್ತಕ ಯಾಕೆ, ಇದರಲ್ಲೇ ಉಂಟಲ್ಲ!"

ಆ ದಿನ ನನಗೆ ಬಂದ ಸೊಕ್ಕನ್ನು ನಾನು ಮುಚ್ಚಿಡುವುದಿಲ್ಲ. ಅತ್ತೆಗೆ ಕೇಳುತ್ತದೆ, ನನಗೆ ಗೊತ್ತಾಗುತ್ತದೆ. ಕೇಳುವುದಕ್ಕಿಂತ ಗೊತ್ತಾಗುವುದು ದೊಡ್ಡದು ಎಂದು ನನ್ನೊಳಗೆ ಕೂತುಬಿಟ್ಟಿತು.

ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನದ ಮಾಸ್ತರರು ಒಂದು ಮರದ ಪೆಟ್ಟಿಗೆ ತೆರೆದು ಎಂಟು ಶ್ರುತಿಕವೆಗಳನ್ನು ತೋರಿಸಿದರು. ಎರಡು ಕಾಲಿನ ಉಕ್ಕಿನ ಕವೆಗಳು. ಬಡಿದು ಮೇಜಿನ ಮೇಲೆ ನಿಲ್ಲಿಸಿದರೆ ಮೇಜೇ ಹಾಡುತ್ತದೆ. ಒಂದೊಂದರ ಮೇಲೂ ಅಂಕಿ ಒತ್ತಿದ್ದರು: ೨೫೬, ೨೮೮, ೩೨೦, ೩೪೧, ೩೮೪, ೪೨೬, ೪೮೦, ೫೧೨. ಒಂದು ಸೆಕೆಂಡಿಗೆ ಅಷ್ಟು ಸಲ ಅದುರುತ್ತದೆ ಎಂದರು. ಸ ದಿಂದ ಸ ದವರೆಗೆ ಎಲ್ಲವೂ ಇದ್ದವು, ಯಾರ ಕಿವಿಯ ಹಂಗೂ ಇಲ್ಲದೆ. ಒಂದು ಶನಿವಾರ ಮಧ್ಯಾಹ್ನ ಪ್ರಯೋಗಾಲಯ ಗುಡಿಸುವ ಸರದಿ ನನ್ನದಾಗಿತ್ತು. ಎಂಟನ್ನೂ ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಸೋಮವಾರ ವಾಪಸ್ ಇಡುತ್ತೇನಲ್ಲ, ಇದು ಕಳವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಅಮ್ಮ ಮತ್ತು ಅತ್ತೆ ಸುಳ್ಯದ ಕಡೆಗೆ ಮದುವೆಗೆ ಹೋಗಿದ್ದರು. ಅಪ್ಪ ತಿದಿಯ ಚರ್ಮ ತರಲು ಪುತ್ತೂರಿಗೆ. ಚಾವಡಿಯಲ್ಲಿ ಪೆರಾಬೆಯ ಪೆಟ್ಟಿಗೆ ಕೆಲಸ ಮುಗಿದು ಸೋಮವಾರದ ಜೀಪಿಗೆ ಕಾಯುತ್ತಿತ್ತು. ಹಳೆಯ ಪೆಟ್ಟಿಗೆ, ಶ್ರುತಿ ಕೊಂಚ ಕೆಳಗೆ; ಅದರ ಸ ನನ್ನ ೨೫೬ರ ಜೊತೆ ಅಲೆಯಿಲ್ಲದೆ ಕೂಡಿತು. ಮುಂದಿನ ಕವೆ ಬಡಿದೆ. ರಿ ಕೂಡಿತು. ಗ ಕೂಡಿತು. ಮ, ಪ ಕೂಡಿದವು. ಓದು ಬಾರದ ಹೆಂಗಸು ಅಕ್ಕಿ ಆರಿಸುತ್ತಾ ಉಕ್ಕಿನ ಅಂಕಿಗಳ ಮೇಲೆ ಒಂದೊಂದಾಗಿ ಕಾಲಿಟ್ಟು ನಡೆದಿದ್ದಳು. ದ ಬಂದಾಗ ಅಲೆ ಎದ್ದಿತು, ಸೆಕೆಂಡಿಗೆ ಐದಾರು. ಮತ್ತೆ ಬಡಿದೆ, ಮತ್ತೆ ಅಷ್ಟೇ. ನಿ ಕೂಡಿತು, ಮೇಲಿನ ಸ ಕೂಡಿತು. ಎಂಟರಲ್ಲಿ ಏಳು ಕೂಡಿದ್ದೇ ನನ್ನನ್ನು ಹಾಳುಮಾಡಿತು. ಎಲ್ಲವೂ ಬೇರೆಯಾಗಿದ್ದರೆ ಇದು ಬೇರೆಯೇ ಕ್ರಮ ಎಂದು ಬಿಟ್ಟುಬಿಡುತ್ತಿದ್ದೆ. ಒಂದೇ ಒಂದು ತಪ್ಪಿದರೆ ಅದು ತಪ್ಪು ಎಂದೇ ಕಾಣುತ್ತದೆ. ಪೆಟ್ಟಿಗೆಯ ದ ಏರಿತ್ತು. ಅಪ್ಪನ ಕೆರೆಯುವ ಉಳಿ ತೆಗೆದುಕೊಂಡು ಆ ರೀಡಿನ ಬುಡವನ್ನು ಕೆರೆದೆ. ಆರೋ ಏಳೋ ಸಲ. ಅಲೆ ನಿಧಾನವಾಯಿತು, ನಿಂತಿತು. ಹಿತ್ತಾಳೆಯ ಪುಡಿಯನ್ನು ಊದಿ, ಎಲ್ಲ ಮುಚ್ಚಿ, ಅತ್ತೆಯ ಒಂದು ತಪ್ಪನ್ನು ತಿದ್ದಿದ ಸಂತೋಷದಲ್ಲಿ ತಣ್ಣನೆಯ ಅನ್ನ ತೆಗೆದು ಉಂಡೆ. ಅಷ್ಟು ರುಚಿಯಾದ ಊಟ ಮತ್ತೆ ಮಾಡಿದ ನೆನಪಿಲ್ಲ.

ಸೋಮವಾರ ಕವೆಗಳು ಶಾಲೆಗೆ ಮರಳಿದವು. ಅದೇ ದಿನ ಹೋದ ಪೆಟ್ಟಿಗೆ ಶನಿವಾರ ವಾಪಸ್ ಬಂತು. ಹೊತ್ತು ತಂದವನು ಮಂಡಳಿಯ ಹಾಡುಗಾರ ಸೇಸಪ್ಪಣ್ಣ. ಜಗುಲಿ ಹತ್ತುವ ಮೊದಲೇ ಬಾಯಿ ಶುರು ಮಾಡಿದ.

"ಎಂತ ಮಾರಾಯ್ರೆ ಇದು! ರಿ ಮತ್ತು ದ ಒಟ್ಟಿಗೆ ಹಿಡಿದ್ರೆ ನಾಯಿ ಊಳಿಟ್ಟ ಹಾಗೆ ಆಗ್ತದೆ. ಮಂಗಳಾರತಿಗೆ ನಿಂತ ಮಕ್ಕಳೆಲ್ಲ ನಗ್ಲಿಕ್ಕೆ ಶುರು. ನನ್ನ ಮರ್ಯಾದೆ ದೇವರಿಗೇ ಪ್ರೀತಿ."

ಅಪ್ಪ ರಿ ಮತ್ತು ದ ಹಿಡಿದ. ಹೌದು, ಊಳಿಟ್ಟಿತು. ಹೊಸ್ತಿಲಲ್ಲಿ ಬೆನ್ನು ಹಾಕಿ ಕೂತಿದ್ದ ಅತ್ತೆ ಪೂರ್ತಿ ಈಚೆಗೆ ತಿರುಗಿದಳು. ಹಾಗೆ ತಿರುಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇದನ್ನು ನಾನು ಸರಿ ಅಂತ ಹೇಳಿದ್ದಾ, ತಮ್ಮ?"

ಅಪ್ಪ ಪೆಟ್ಟಿಗೆಯ ಮುಚ್ಚಳ ತೆಗೆದ. ರೀಡಿನ ಹಲಗೆ ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ಅದನ್ನು ಮೆಲ್ಲನೆ ಕೆಳಗಿಟ್ಟ.

"ಅಕ್ಕನ ಕಿವಿ ಈಗ ಮೊದಲಿನ ಹಾಗೆ ಇಲ್ಲ ಸೇಸಪ್ಪಣ್ಣ. ಪ್ರಾಯ ಆಯ್ತಲ್ಲ. ನಾನೇ ನೋಡಿ ಸರಿ ಮಾಡಿ ಕೊಡ್ತೇನೆ."

ನಾನು ಕೈಯಳತೆಯಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅತ್ತೆ ಮೊರವನ್ನು ಮಡಿಲಿಂದ ಇಳಿಸಿ ಒಳಗೆ ಹೋದಳು.

ತಪ್ಪು ಎಲ್ಲಿ ಎಂದು ತಿಳಿಯದೆ ನನಗೆ ಸಮಾಧಾನ ಇರಲಿಲ್ಲ. ಸೋಮವಾರ ಸಮಾಜದ ಪಾಠದ ಹೊತ್ತಿನಲ್ಲಿ ನೋಟ್ಸಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ೨೫೬ರಿಂದ ೨೮೮ಕ್ಕೆ ಏರಿದ್ದು ಎಂಟನೆಯ ಒಂದು ಪಾಲು. ೨೮೮ರಿಂದ ೩೨೦ಕ್ಕೆ ಒಂಬತ್ತನೆಯ ಒಂದು ಪಾಲು. ಇದು ಕೆಳಗಿನ ಮನೆ. ಮೇಲಿನ ಮನೆಯಲ್ಲಿ ೩೮೪ರಿಂದ ೪೨೬ಕ್ಕೆ ಮೊದಲ ಹೆಜ್ಜೆಯೇ ಒಂಬತ್ತನೆಯ ಪಾಲು, ಎಂಟನೆಯದು ಅದರ ಮುಂದಿನದು. ಶ್ರುತಿಕವೆ ಮಾಡಿದವರು ಮೇಲಿನ ಮನೆಯಲ್ಲಿ ದೊಡ್ಡ ಹೆಜ್ಜೆ, ಸಣ್ಣ ಹೆಜ್ಜೆಗಳನ್ನು ಅದಲುಬದಲು ಮಾಡಿದ್ದರು. ಅತ್ತೆ ಮಾಡಿರಲಿಲ್ಲ. ಅವಳು ಕೆಳಗಿನ ಮನೆಯನ್ನು ಹಾಗೆಯೇ ಎತ್ತಿ ಇಟ್ಟಿದ್ದಳು: ೩೮೪ಕ್ಕೆ ಅದರ ಎಂಟನೆಯ ಪಾಲು ಸೇರಿಸಿದರೆ ೪೩೨. ನಾನು ಕೇಳಿದ ಐದಾರು ಅಲೆ ಅಲ್ಲಿಂದ ಬಂದದ್ದು. ಉಕ್ಕಿನ ದ ಮ ಜೊತೆ ಚೆನ್ನಾಗಿ ಕೂಡುತ್ತದೆ, ರಿ ಜೊತೆ ಕೂಡುವುದಿಲ್ಲ. ಅತ್ತೆಯ ದ ರಿ ಜೊತೆ ಕೂಡುತ್ತದೆ, ಪೆರಾಬೆಯವರ ಹಾಡುಗಳಿಗೆ ಬೇಕಾದದ್ದು ಅದೇ. ಎರಡೂ ಸರಿ. ಆಗಲೂ ನನಗೆ ಮೊದಲು ಆದದ್ದು ಪಶ್ಚಾತ್ತಾಪವಲ್ಲ, ಬೆರಗು. ಒಂದೇ ಹೆಸರಿನ ಸ್ವರಕ್ಕೆ ಎರಡು ಮನೆ! ಇದನ್ನು ಹೇಳಬೇಕೆಂದು ಮನಸ್ಸು ಓಡಿದ್ದು ಅತ್ತೆಯ ಬಳಿಗೇ. ಹೇಳಿದರೆ ಕೆರೆದದ್ದನ್ನೂ ಹೇಳಬೇಕು, ಶಾಲೆಯ ಸಾಮಾನು ತಂದದ್ದನ್ನೂ ಹೇಳಬೇಕು. ನಾಳೆ ಹೇಳುತ್ತೇನೆ ಎಂದುಕೊಂಡೆ. ಹಾಗೆ ಹಲವು ನಾಳೆಗಳು ಕಳೆದವು.

ಅಪ್ಪ ಎಲ್ಲಿಂದಲೋ ಒಂದು ಸರಿಮಾಡಿದ ಪೆಟ್ಟಿಗೆ ತಂದು ಪಕ್ಕದಲ್ಲಿ ಇಟ್ಟುಕೊಂಡ. ಅದರ ಸ್ವರಕ್ಕೆ ಇದರ ಸ್ವರ ಕೂಡಿಸಿ ತಾನೇ ಮುಗಿಸತೊಡಗಿದ. ಹೊಸ್ತಿಲು ಖಾಲಿಯಾಯಿತು. ಅತ್ತೆ ಈಗ ಬೆಳಕಿನಲ್ಲಿ ಕೂತು ಕಣ್ಣಿಟ್ಟು ಅಕ್ಕಿ ಆರಿಸುವಳು. ಗಂಜಿಯಲ್ಲಿ ಕಲ್ಲು ಸಿಗುವುದು ನಿಂತಿತು, ಅಮ್ಮನಿಗೆ ಜಗಳಕ್ಕೆ ಕಾರಣ ಸಿಗುವುದೂ ನಿಂತಿತು. ಮೊದಲು ಕೆಲಸದ ನಡುವೆ ಗುನುಗುತ್ತಿದ್ದುದನ್ನು ಅತ್ತೆ ಬಿಟ್ಟೇಬಿಟ್ಟಳು. ಒಂದು ಮಧ್ಯಾಹ್ನ ಅವಳು ಎರಡು ಚೊಂಬುಗಳನ್ನು ಬೆರಳಿನಿಂದ ಬಡಿದು ನನ್ನನ್ನು ಕರೆದಳು.

"ಮಗಾ, ಇದೂ ಇದೂ ಒಂದೇಯಾ, ಬೇರೆಯಾ?"

"ಬೇರೆ ಅತ್ತೆ. ಇದು ಸ್ವಲ್ಪ ಕೆಳಗೆ."

"ನನಗೂ ಹಾಗೇ ಕೇಳ್ತದೆ. ಆದ್ರೆ ನನಗೆ ಕೇಳಿದ್ದಕ್ಕೆ ಈಗ ಬೆಲೆ ಇಲ್ಲ ನೋಡು."

ಆಗಲಾದರೂ ಹೇಳಬಹುದಿತ್ತು. ಚೊಂಬು ತೆಗೆದುಕೊಂಡು ಬಾವಿಗೆ ಹೋದೆ. ಆ ವರ್ಷವೇ ಬೆಟ್ಟಂಪಾಡಿಯಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ಹೆರಿಗೆ ಬಂತು, ಸಹಾಯಕ್ಕೆ ಅತ್ತೆಯನ್ನು ಕರೆದರು. ಟ್ರಂಕು ಜೀಪಿಗೆ ಏರಿಸಿದವನು ನಾನೇ. ಅವಳು ಮತ್ತೆ ಬರಲಿಲ್ಲ. "ಜಗಳಕ್ಕಾದ್ರೂ ಒಂದು ಜನ ಇತ್ತು" ಎಂದು ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು.

ಹೈಸ್ಕೂಲು ಮುಗಿಸಿ ನಾನು ಪುತ್ತೂರಿನಲ್ಲಿ ತಕ್ಕಡಿ ರಿಪೇರಿಯ ಕೆಲಸ ಹಿಡಿದೆ. ಒತ್ತಿದ ಅಂಕಿಯನ್ನು ನಂಬುವುದೇ ಹೊಟ್ಟೆಪಾಡಾಯಿತು. ಅಪ್ಪ ಕೈ ನಡುಗಿ ಕೆಲಸ ಬಿಟ್ಟ ವರ್ಷ, ಅವನ ಉಳಿಗಳನ್ನು ಎಣ್ಣೆ ಹಚ್ಚಿ ಕಟ್ಟುತ್ತಿದ್ದಾಗ, ಎದುರಿಗೆ ಕೂತಿದ್ದ ಅವನಿಗೆ ನಾನು ಕಡೆಗೂ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ಗೊತ್ತುಂಟು. ಬುಡದಲ್ಲಿ ಹೊಳೆಯುವ ಗೆರೆ ಇತ್ತು, ಅಡ್ಡಕ್ಕೆ. ನಾನು ಯಾವತ್ತೂ ಅಡ್ಡಕ್ಕೆ ಕೆರೆಯುದಿಲ್ಲ."

"ಮತ್ತೆ ಆಗ ಯಾಕೆ ಹೇಳ್ಲಿಲ್ಲ ಅಪ್ಪ? ನನ್ನನ್ನು ಉಳಿಸ್ಲಿಕ್ಕಾ?"

"ಹಾಗೆ ಹೇಳಿದ್ರೆ ನಿನಗೂ ಒಳ್ಳೆಯದು, ನನಗೂ ಒಳ್ಳೆಯದು. ಆದ್ರೆ ಅದಲ್ಲ. ಅಕ್ಕನ ಕಿವಿ, ತಮ್ಮನ ಕೈ ಅಂತ ಇಡೀ ಊರು ಹೇಳ್ತಿತ್ತು. ಒಮ್ಮೆಯಾದ್ರೂ ಕಿವಿಯೂ ನನ್ನದೇ ಆಗ್ಲಿ ಅಂತ ಆಯ್ತು. ಅಷ್ಟೇ."

ಅಪ್ಪ ತೀರಿಕೊಂಡು ಒಂದು ವರ್ಷದ ಮೇಲೆ ನಾನು ಬೆಟ್ಟಂಪಾಡಿಗೆ ಹೋದೆ. ಅತ್ತೆ ಅಂಗಳದ ಬಿಸಿಲಿನಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಬೆನ್ನು ಬಾಗಿತ್ತು, ಗೇಟಿನ ಸದ್ದಿನಿಂದಲೇ ನನ್ನನ್ನು ಗುರುತು ಹಿಡಿದಳು. ನಾನು ನೆಲಕ್ಕೆ ಕೂತು, ಬೈರಾಸಿನಲ್ಲಿ ಸುತ್ತಿ ತಂದಲ್ಲಿಂದ ಹಿಡಿದು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಯಾವ ಬದಿ ಕೆರೆದದ್ದು?"

"ಬುಡ."

"ಎಷ್ಟು ಸಲ?"

"ಆರೇಳು ಇರಬೇಕು."

ಅವಳು ಕಣ್ಣು ಮುಚ್ಚಿ ತೆಳ್ಳಗಿನ ದನಿಯಲ್ಲಿ ಪ ಹಿಡಿದಳು, ದ ಹಿಡಿದಳು, ಅಲ್ಲಿಂದ ಕೂದಲೆಳೆಯಷ್ಟು ಇಳಿದಳು.

"ಇದಾ?"

"ಅದೇ ಅತ್ತೆ."

ಮ ದಿಂದ ಅಲ್ಲಿಗೆ ಹೋಗಿ ನೋಡಿದಳು, ಮತ್ತೊಮ್ಮೆ ಹೋಗಿ ಬಂದಳು.

"ಇದೂ ಚಂದ ಉಂಟು ಮಾರಾಯ. ಮ ಜೊತೆ ಎಷ್ಟು ಚಂದ ಕೂತ್ಕೊಳ್ತದೆ! ಇದನ್ನು ನನಗೆ ಯಾರೂ ತೋರಿಸಿರ್ಲಿಲ್ಲ." ಆಮೇಲೆ ಕಣ್ಣು ತೆರೆದಳು. "ಹಾಗಾದ್ರೆ ನನ್ನ ಕಿವಿ ಹೋಗಿರ್ಲಿಲ್ಲ."

"ಇಲ್ಲ ಅತ್ತೆ."

"ಇಷ್ಟು ವರ್ಷ ಭಜನೆಗೆ ಕರೆದ್ರೆ ಹಿಂದೆ ಕೂತು ಬಾಯಿ ಮಾತ್ರ ಆಡಿಸಿದೆ. ಸ್ವರ ಹೊರಗೆ ಬಿಡ್ಲಿಕ್ಕೆ ಹೆದರಿಕೆ."

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲ ಬೆರಳುಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ಅದೆಲ್ಲ ಇರ್ಲಿ. ಒಂದು ಹೇಳು. ತಮ್ಮನಿಗೆ ಗೊತ್ತಿತ್ತಾ?"

ದಾರಿಯುದ್ದಕ್ಕೂ ನಾನು ಯೋಚಿಸಿಕೊಂಡು ಬಂದಿದ್ದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ.

"ಇಲ್ಲ ಅತ್ತೆ. ಅಪ್ಪನಿಗೆ ಗೊತ್ತಿರಲಿಲ್ಲ."

ಅವಳು ಉದ್ದಕ್ಕೆ ಉಸಿರು ಬಿಟ್ಟಳು. ಮುಖ ಸಡಿಲವಾಯಿತು.

"ಹಾಗಾದ್ರೆ ಸಾಕು. ನೀನು ಹುಡುಗ, ಹುಡುಗರು ಎಂತೆಂತದ್ದೋ ಮಾಡ್ತಾರೆ. ಅವನು ಗೊತ್ತಿದ್ದು ಹೇಳಿದ್ದಲ್ಲ, ಅಲ್ವಾ? ಅದೊಂದೇ ನನಗೆ ಬೇಕಾದದ್ದು. ಒಳಗೆ ಬಾ, ಮಜ್ಜಿಗೆ ಕುಡಿ."

ಮಜ್ಜಿಗೆ ಕುಡಿದೆ. ಅವಳು ಅದಾದ ಮೇಲೆ ನಾಲ್ಕು ವರ್ಷ ಬದುಕಿದಳು, ಊರಿನ ಭಜನೆಯಲ್ಲಿ ಮುಂದೆ ಕೂತು ಹಾಡಿದಳಂತೆ. ನಾನು ಕೇಳಲು ಹೋಗಲಿಲ್ಲ. ಎದುರಿಗೆ ಕೂತರೆ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಯಾಳು ಎಂಬ ಹೆದರಿಕೆ. ಅಂದು ಹೇಳಿದ ಸುಳ್ಳು ಅವಳ ಸಮಾಧಾನಕ್ಕೋ, ಸತ್ತ ಅಪ್ಪನ ಮಾನಕ್ಕೋ, ಇನ್ನೂ ಒಂದು ತಾಸು ಅವಳೆದುರು ಕೂರುವ ಧೈರ್ಯ ನನಗಿಲ್ಲದ್ದಕ್ಕೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡು ದ ಗಳ ಲೆಕ್ಕ ಒಂದು ಪಾಠದ ಹೊತ್ತಿನಲ್ಲಿ ಬಿಡಿಸಿದವನಿಗೆ ಇದೊಂದು ಬಿಡಿಸಲು ಆಗಲಿಲ್ಲ. ಮನೆಯ ಆ ನಾಲ್ವರಲ್ಲಿ ಈಗ ಉಳಿದವನು ನಾನೊಬ್ಬ. ಕೇಳುವವರು ಯಾರೂ ಇಲ್ಲದಾಗ ಹೇಳುವುದು ಸುಲಭ, ಅದೂ ಗೊತ್ತು. ಆದರೂ ಬರೆಯುತ್ತೇನೆ.

ಅಪ್ಪನಿಗೆ ಗೊತ್ತಿತ್ತು, ಅತ್ತೆ.